ಸಣ್ಣ ರೇಸ್ ಕುದುರೆ ಲಾಯದಲ್ಲಿ ಕೆಲಸಕ್ಕೆ ಸೇರ್ತಿದೀರಾ? ಮೊದಲು ಇಷ್ಟು ಕಲೀರಿ

ರೇಸ್ ಕುದುರೆ ಲಾಯದಲ್ಲಿ ಕೆಲಸ ಕಲೀಬೇಕು ಅನ್ನೋರಲ್ಲಿ ಬಹಳಷ್ಟು ಜನ ಮೊದಲು ಕೇಳೋದು ಸವಾರಿ ಯಾವಾಗ ಸಿಗತ್ತೆ ಅಂತ. ಸಿಗತ್ತೆ, ಆದ್ರೆ ಅದಕ್ಕಿಂತ ಮುಂಚೆ ಕುದುರೇನ ನೋಡೋದು ಕಲೀಬೇಕು. ಕುದುರೆ ಬಾಯ್ಬಿಟ್ಟು ನಂಗೆ ಇಲ್ಲಿ ನೋವಿದೆ ಅನ್ನಲ್ಲ. ಕಾಡಲ್ಲಿ ಇನ್ನೊಂದು ಪ್ರಾಣಿಗೆ ಬೇಟೆಯಾಗ್ತಿದ್ದ ಜಾತಿ ಅದು, ನೋವಿದ್ರೂ ತೋರಿಸ್ಕೊಳ್ದೆ ನಿಲ್ಲೋದು ಅದರ ಹುಟ್ಟುಗುಣ. ಹಾಗಾಗಿ ದಿನಾ ಒಬ್ಬರೇ, ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಕುದುರೆ ನೋಡಿದ್ರೆ ಮಾತ್ರ ನಿನ್ನೆಗೂ ಇವತ್ತಿಗೂ ಇರೋ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳತ್ತೆ. ಹತ್ತು ಹನ್ನೆರಡು ಕುದುರೆ ಇರೋ ಸಣ್ಣ ಲಾಯದ ಶಕ್ತಿ ಇರೋದೇ ಇಲ್ಲಿ, ದೊಡ್ಡವರ ಹತ್ರ ಇರೋ ಅಷ್ಟು ಬೆಲೆಬಾಳೋ ಕುದುರೆ ನಮ್ಮ ಹತ್ರ ಇರಲ್ಲ, ಆದ್ರೆ ಯಾವ ಕುದುರೆ ರಾತ್ರಿ ಎಷ್ಟು ನೀರು ಕುಡೀತು ಅಂತ ನಮಗೆ ಗೊತ್ತಿರತ್ತೆ.

ನಾನು ಹೇಳ್ತಿರೋದು ಮೈಸೂರು, ಬೆಂಗಳೂರು ಕಡೆ ನಡೆಯೋ ಪದ್ಧತಿ. ಇಲ್ಲಿ ಟ್ರೇನರ್‌ಗೆ ಲೈಸೆನ್ಸ್ ಕೊಡೋದು ಟರ್ಫ್ ಕ್ಲಬ್, ಅಂದ್ರೆ ರೇಸ್ ನಡೆಸೋ ಕ್ಲಬ್, ಕ್ಲಬ್ ಜಾಗದಲ್ಲೇ ಲಾಯ ಇರತ್ತೆ, ಓಡಿಸೋ ಟ್ರ್ಯಾಕ್ ಎಲ್ಲರಿಗೂ ಒಂದೇ. ಮೈಸೂರಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿದೆ ರೇಸ್‌ಕೋರ್ಸು, ಬೆಳಗಿನ ಜಾವ ಬೆಟ್ಟದ ಕಡೆಯಿಂದ ಬೀಸೋ ತಣ್ಣನೆ ಗಾಳೀಲಿ ಕುದುರೆಗಳು ಒಂದೊಂದು ಹೊತ್ತು ಹಿಡಿಯಕ್ಕೇ ಆಗಲ್ಲ. ಲಾಯದಲ್ಲಿ ಟ್ರೇನರ್ ಕೆಳಗೆ ಕೆಲಸದವರ ಮೇಲ್ವಿಚಾರಣೆ ನೋಡೋ ಜಮಾದಾರ್ ಇರ್ತಾರೆ, ಆಮೇಲೆ ಸೈಸ್‌ಗಳು, ಅಂದ್ರೆ ದಿನಾ ಕುದುರೆ ಆರೈಕೆ ಮಾಡೋರು, ಬೆಳಗ್ಗೆ ಸವಾರಿ ಮಾಡೋ ರೈಡಿಂಗ್ ಬಾಯ್‌ಗಳು, ಲಾಳ ಹೊಡೆಯೋರು, ಡಾಕ್ಟ್ರು. ಸಾಮಾನ್ಯವಾಗಿ ಒಬ್ಬ ಸೈಸ್‌ಗೆ ಎರಡು ಮೂರು ಕುದುರೆ. ಹೊಸಬರು ಜಮಾದಾರ್ ಹೇಳಿದ ಮಾತಿಗೆ ಎದುರು ಆಡ್ಬೇಡಿ, ವಯಸ್ಸಾದ ಸೈಸ್‌ಗಳನ್ನ ಅಣ್ಣಾ ಅಂತಲೋ ಭಾಯ್ ಅಂತಲೋ ಕರೀರಿ, ಅವರ ಕೈಗೆ ಗೊತ್ತಿರೋದು ಎಷ್ಟೋ ಪುಸ್ತಕದಲ್ಲಿ ಇಲ್ಲ, ಅದನ್ನ ಅವರು ಕೂರಿಸ್ಕೊಂಡು ಪಾಠ ಮಾಡಲ್ಲ, ಪಕ್ಕದಲ್ಲಿ ನಿಂತು ನೋಡ್ಕೊಂಡೇ ಕಲೀಬೇಕು.

ಬೆಳಗ್ಗೆ ಮುಟ್ಟೋಕೆ ಮುಂಚೆ ನೋಡಿ

ಕೆಲಸ ಶುರುವಾಗೋದು ನಾಲ್ಕು, ನಾಲ್ಕೂವರೆಗೆ. ಲಾಯದ ಬಾಗಿಲು ತೆಗೆಯೋಕೆ ಮುಂಚೆ ಹೊರಗೇ ನಿಂತು ಒಂದು ನಿಮಿಷ ಕುದುರೇನ ಸುಮ್ನೆ ನೋಡಿ. ಗೋದಲೀಲಿ ರಾತ್ರಿ ಹಾಕಿದ ದಾಣಿ, ಅಂದ್ರೆ ಕಾಳಿನ ಆಹಾರ, ಉಳಿದಿದ್ಯಾ? ಚೆನ್ನಾಗಿ ತಿನ್ನೋ ಕುದುರೆ ಕಾಲು ಭಾಗ ಬಿಟ್ಟಿದ್ರೂ ಅದು ಸುದ್ದಿ, ತಕ್ಷಣ ಜಮಾದಾರ್‌ಗೆ ಹೇಳಿ. ಲದ್ದಿ ಎಷ್ಟು ಗುಂಪು ಇದೆ, ಗಟ್ಟಿ ಉಂಡೆಯಾಗಿ ಬಿದ್ದು ಒಡೆದಿದ್ಯಾ, ತೀರಾ ಒಣಗಿ ಸಣ್ಣ ಉಂಡೆ ಆಗಿದ್ಯಾ, ಇಲ್ಲಾ ಸಗಣಿ ಥರ ನೀರಾಗಿದ್ಯಾ. ಆರೋಗ್ಯವಾಗಿರೋ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕತ್ತೆ, ರಾತ್ರಿಯೆಲ್ಲಾ ಕಳೆದು ಲಾಯ ಚೊಕ್ಕವಾಗಿದ್ರೆ ಖುಷಿ ಪಡೋ ವಿಷಯ ಅಲ್ಲ ಅದು, ಹೊಟ್ಟೆ ನಿಂತಿದೆ ಅಂತ ಅರ್ಥ. ಹಾಸಿದ ಹುಲ್ಲು ಒಂದು ಮೂಲೆಗೆ ತಳ್ಳಾಡಿ ಗುಂಡಿ ಬಿದ್ದಿದ್ರೆ ರಾತ್ರಿ ನೆಮ್ಮದಿ ಇರಲಿಲ್ಲ ಅಂತ. ಮೈ ಒಂದು ಪಕ್ಕ ಹುಲ್ಲು ಅಂಟ್ಕೊಂಡಿದ್ರೆ ಒಳ್ಳೇದೇ, ಮಲಗಿ ನಿದ್ದೆ ಮಾಡಿದೆ. ಕುದುರೆ ನಿಂತೇ ತೂಕಡಿಸತ್ತೆ ನಿಜ, ಆದ್ರೆ ಗಾಢ ನಿದ್ದೆಗೆ ಅದೂ ಸ್ವಲ್ಪ ಹೊತ್ತು ಮಲಗಲೇಬೇಕು.

ನೀರಿನ ಬಕೆಟ್ ವಿಷಯ ಒಂದು ಮಾತು. ಈಗ ತಾನಾಗೇ ತುಂಬ್ಕೊಳ್ಳೋ ತೊಟ್ಟಿ ಬಂದಿದೆ, ಕೆಲಸ ಉಳಿಯತ್ತೆ, ಆದ್ರೆ ನನಗೆ ಬಕೆಟ್ಟೇ ಇಷ್ಟ. ದಿನಕ್ಕೆ 30ರಿಂದ 40 ಲೀಟರ್ ಕುಡಿಯೋ ಕುದುರೆ ಇವತ್ತು 15 ಲೀಟರ್ ಕುಡಿದಿದ್ರೆ ಬಕೆಟ್ ಹೇಳತ್ತೆ, ತೊಟ್ಟಿ ಹೇಳಲ್ಲ.

ಆಮೇಲೆ ಥರ್ಮಾಮೀಟರ್. ದಿನಾ ಬೆಳಗ್ಗೆ ಟ್ರ್ಯಾಕ್‌ಗೆ ಹೋಗೋಕೆ ಮುಂಚೆ, ಗುದದ್ವಾರದಲ್ಲಿ, ಸ್ವಲ್ಪ ವ್ಯಾಸಲಿನ್ ಹಚ್ಚಿ, ಥರ್ಮಾಮೀಟರ್‌ಗೆ ದಾರ ಕಟ್ಟಿ ಅದನ್ನ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಸಿ. ಪಕ್ಕದಲ್ಲಿ ನಿಂತು ಮಾಡಿ, ನೇರ ಹಿಂದೆ ನಿಂತು ಅಲ್ಲ. 99ರಿಂದ 101 ಫ್ಯಾರನ್‌ಹೀಟ್ ಒಳಗಿದ್ರೆ ಸರಿ, 101.5 ದಾಟಿದ್ರೆ ಆ ಕುದುರೆ ಅವತ್ತು ಹೊರಗೆ ಹೋಗ್ಬಾರದು, ಓನರ್ ಬಂದು ಕಾಯ್ತಿದ್ರೂ ಹೋಗ್ಬಾರದು. ಪ್ರತಿ ಕುದುರೆದೂ ಒಂದು ನೋಟ್ ಬುಕ್ಕಲ್ಲಿ ಬರೀರಿ. ದಿನಾ 99.4 ಇರೋ ಕುದುರೆ ಇವತ್ತು 100.8 ಇದ್ರೆ ಲೆಕ್ಕದ ಪ್ರಕಾರ ನಾರ್ಮಲ್ಲೇ, ಆದ್ರೆ ಆ ಕುದುರೆಗೆ ಅದು ನಾರ್ಮಲ್ ಅಲ್ಲ, ಒಳಗೆ ಏನೋ ಶುರುವಾಗ್ತಿದೆ.

ಕಾಲು ನೋಡೋದು

ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ರೇಸ್ ಕುದುರೆಯ ಜೀವನ ನಿಂತಿರೋದೇ ಆ ಕಾಲ ಮೇಲೆ, 450-500 ಕಿಲೋ ಮೈ, ನಿಂತಾಗಲೇ ಅದರಲ್ಲಿ ಸುಮಾರು ಅರವತ್ತು ಪರ್ಸೆಂಟ್ ಭಾರ ಮುಂದಿನ ಎರಡು ಕಾಲಿಗೆ ಬೀಳತ್ತೆ, ಓಡುವಾಗ ಒಂದೊಂದು ಹೆಜ್ಜೇಲಿ ಮೈಭಾರಕ್ಕಿಂತ ಜಾಸ್ತಿ ಒತ್ತಡ ಒಂದೇ ಕಾಲಿಗೆ ಬೀಳತ್ತೆ.

ರಾತ್ರಿ ಕಟ್ಟಿದ ಬ್ಯಾಂಡೇಜ್ ಮೊದಲು ಬಿಚ್ಚಿ, ಬಿಚ್ಚಿದ ತಕ್ಷಣ ಮುಟ್ಟಿ ನೋಡ್ಬೇಡಿ, ಬಟ್ಟೆಯೊಳಗಿದ್ದ ಕಾಲು ಬಿಸಿಯಾಗೇ ಇರತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು, ಆ ಹೊತ್ತಲ್ಲಿ ಲದ್ದಿ ಎತ್ತಿ, ಆಮೇಲೆ ಬನ್ನಿ. ಕುದುರೆಯ ಎಡ ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಂತು ಬಗ್ಗಿ, ಮಂಡಿ ಊರಿ ಮಾತ್ರ ಕೂರ್ಬೇಡಿ, ಅದು ಬೆಚ್ಚಿದ್ರೆ ಎದ್ದು ಪಕ್ಕಕ್ಕೆ ಹಾರೋಕೆ ಆಗಲ್ಲ. ಮೊಣಕಾಲಿಂದ ಕೆಳಗೆ ಹಿಂಭಾಗದಲ್ಲಿ ಬರೋ ನರ, ಅಂದ್ರೆ ನಾವು ನರ ಅಂತೀವಿ, ಅದು ಟೆಂಡನ್, ಅದರ ಮೇಲೆ ಬೆರಳು ಸವರ್ಕೊಂಡು ಕೆಳಗೆ ಗೆಣ್ಣಿನವರೆಗೂ ಬನ್ನಿ. ಬಿಗಿಯಾದ ಹಗ್ಗ ಮುಟ್ಟಿದ ಹಾಗೆ ನೇರವಾಗಿ, ತಣ್ಣಗೆ ಇರ್ಬೇಕು. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಸ್ವಲ್ಪ ದಪ್ಪ, ಸ್ವಲ್ಪ ಬಿಸಿ, ಒತ್ತಿದ್ರೆ ಕಾಲು ಎಳ್ಕೊಳ್ಳೋದು, ಇದರಲ್ಲಿ ಒಂದು ಕಂಡ್ರೂ ಅವತ್ತು ಓಟ ಬೇಡ. ತಕ್ಷಣ ಬಲಗಾಲೂ ಹಾಗೇ ಸವರಿ, ಬಿಸಿ ಅನ್ನೋದು ಯಾವಾಗ್ಲೂ ಇನ್ನೊಂದು ಕಾಲಿಗೆ ಹೋಲಿಸಿ ನೋಡೋ ವಿಷಯ. ನಾಲ್ಕೂ ಕಾಲು ಒಂದೇ ಥರ ಬೆಚ್ಚಗಿದ್ರೆ ಸೆಕೆ ಇರ್ಬೋದು, ಒಂದೇ ಕಾಲು ಬೆಚ್ಚಗಿದ್ರೆ ತೊಂದ್ರೆ.

ಇಷ್ಟು ಯಾಕೆ ಎಳೆದು ಹೇಳ್ತಿದೀನಿ ಅಂದ್ರೆ ಟೆಂಡನ್ ಸ್ವಲ್ಪ ಊದಿದ ದಿನ ನಿಲ್ಲಿಸಿದ್ರೆ ಕೆಲವು ವಾರದ ರೆಸ್ಟ್‌ನಲ್ಲೇ ಮುಗಿದುಹೋಗಬಹುದು, ಗೊತ್ತಾಗ್ದೆ ಓಡಿಸಿ ಅದು ಹರಿದ್ರೆ ಒಂಬತ್ತು ತಿಂಗಳಿಂದ ಒಂದು ವರ್ಷ ಲಾಯದಲ್ಲಿ, ಅಷ್ಟಾದ್ಮೇಲೂ ಆ ಜಾಗ ಮೊದಲಿನಷ್ಟು ಗಟ್ಟಿ ಆಗಲ್ಲ. ಇಡೀ ಲಾಯದಲ್ಲಿ ಆ ದಿನ ಆ ಬಿಸಿ ಕಂಡುಹಿಡಿಯೋಕೆ ಆಗೋದು ಸೈಸ್ ಒಬ್ಬರಿಗೆ ಮಾತ್ರ. ಟ್ರೇನರ್‌ಗೆ ಹೇಳೋಕೆ ಹೆದರ್ಬೇಡಿ. ಹತ್ತು ಸಲ ಹೇಳಿ ಒಂಬತ್ತು ಸಲ ಏನೂ ಇಲ್ಲ ಅಂತಾದ್ರೂ ಪರವಾಗಿಲ್ಲ, ಒಳ್ಳೆ ಟ್ರೇನರ್ ಯಾರೂ ಅದಕ್ಕೆ ಬೈಯಲ್ಲ, ಬೈಯೋರ ಹತ್ರ ಕೆಲಸ ಮಾಡ್ಬೇಡಿ.

ಆಮೇಲೆ ಹೊರಗೆ ಕರ್ಕೊಂಡ್ ಬಂದು ನೇರ ದಾರೀಲಿ ಹತ್ತಿಪ್ಪತ್ತು ಹೆಜ್ಜೆ ಟ್ರಾಟ್, ಅಂದ್ರೆ ನಿಧಾನದ ಕುಲುಕೋಟ, ಮಾಡ್ಸಿ, ಹಗ್ಗ ಸಡಿಲ ಬಿಟ್ಟು. ಮುಂಗಾಲಲ್ಲಿ ನೋವಿದ್ರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಹೋಗತ್ತೆ, ಸರಿಯಾದ ಕಾಲು ಊರಿದಾಗ ತಲೆ ಕೆಳಗೆ ಬರತ್ತೆ. ಹಗ್ಗ ಬಿಗಿಯಾಗಿ ಹಿಡಿದ್ರೆ ತಲೆ ಆಡಲ್ಲ, ಆಗ ಕುಂಟೋದು ಮುಚ್ಚಿಹೋಗತ್ತೆ.

ಹತ್ರ ಹೋಗೋ ರೀತಿ ಬಗ್ಗೆ ಬೇಗ ಹೇಳಿಬಿಡ್ತೀನಿ, ಇದು ಎಲ್ಲಾ ಕಡೆ ಒಂದೇ. ಮಾತಾಡ್ಕೊಂಡು ಹೋಗಿ, ಭುಜದ ಕಡೆಯಿಂದ ಹೋಗಿ, ಕುದುರೆಗೆ ಸರಿಯಾಗಿ ಬೆನ್ನ ಹಿಂದೆ ಮತ್ತೆ ಹಣೆ ಮುಂದೆ ಹತ್ತಿರದಲ್ಲಿ ಏನೂ ಕಾಣಲ್ಲ. ಹಗ್ಗ ಯಾವತ್ತೂ ಕೈಗೆ ಸುತ್ಕೋಬೇಡಿ, ಮಡಚಿ ಹಿಡೀರಿ, ಅದು ಎಳೆದ್ರೆ ಬೆರಳು ಹೋಗತ್ತೆ. ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚೋ ಗಂಟು ಹಾಕಿ. ಕಿವಿ ಹಿಂದಕ್ಕೆ ಅಂಟಿಸ್ಕೊಂಡ್ರೆ ಎಚ್ಚರಿಕೆ ಕೊಡ್ತಿದೆ ಅಂತ.

ಮೇವು, ದಾಣಿ

ಡಬ್ಬದ ಲೆಕ್ಕ ಬಿಟ್ಟುಬಿಡಿ, ತಕ್ಕಡಿ ಇಟ್ಕೊಳ್ಳಿ. ಒಂದು ಲೀಟರ್ ಡಬ್ಬದಲ್ಲಿ ಓಟ್ಸ್ ತುಂಬಿದ್ರೆ ಸುಮಾರು ಅರ್ಧ ಕಿಲೋ, ಅದೇ ಡಬ್ಬದಲ್ಲಿ ಜೋಳದ ಕಾಳು, ಅಂದ್ರೆ ಮುಸುಕಿನ ಜೋಳ ತುಂಬಿದ್ರೆ ಮುಕ್ಕಾಲು ಕಿಲೋ ದಾಟತ್ತೆ, ಶಕ್ತಿಯೂ ಅದರಲ್ಲಿ ಜಾಸ್ತಿ, ಅಂದ್ರೆ ಓಟ್ಸ್ ಖಾಲಿಯಾಯ್ತು ಅಂತ ಅದೇ ಡಬ್ಬದಲ್ಲಿ ಜೋಳ ಹಾಕಿದ್ರೆ ಗೊತ್ತಿಲ್ಲದೇ ಸುಮಾರು ಎರಡರಷ್ಟು ಶಕ್ತಿ ಹೊಟ್ಟೆಗೆ ತುಂಬಿದ ಹಾಗಾಯ್ತು. ಕುದುರೆಯ ಮೈಗೆ ಹೋಲಿಸಿದ್ರೆ ಅದರ ಜಠರ ತುಂಬಾ ಚಿಕ್ಕದು, ಹಿಡಿಯೋದು ಹತ್ತು ಹದಿನೈದು ಲೀಟರ್ ಅಷ್ಟೇ, ಹಾಗಾಗಿ ಒಂದು ಹೊತ್ತಿಗೆ ಎರಡು ಕಿಲೋಗಿಂತ ಜಾಸ್ತಿ ದಾಣಿ ಹಾಕ್ಬೇಡಿ, ಐದಾರು ಕಿಲೋ ತಿನ್ನೋ ಕುದುರೆಗೆ ಮೂರು ನಾಲ್ಕು ಹೊತ್ತು ಹಂಚಿ. ಒಟ್ಟು ದಿನಕ್ಕೆ ಒಣಮೇವು ದಾಣಿ ಎಲ್ಲಾ ಸೇರಿ ಮೈತೂಕದ ಎರಡು ಎರಡೂವರೆ ಪರ್ಸೆಂಟ್ ಹತ್ರ ಬರತ್ತೆ, ಅಂದ್ರೆ ಹತ್ತು ಹನ್ನೊಂದು ಕಿಲೋ, ಅದರಲ್ಲಿ ಅರ್ಧವಾದ್ರೂ ಹುಲ್ಲು ಇರಲೇಬೇಕು. ಹುಲ್ಲು ಕಮ್ಮಿ ಮಾಡಿ ದಾಣಿ ಜಾಸ್ತಿ ಮಾಡಿದ್ರೆ ಕುದುರೆ ಜೋರಾಗಿ ಓಡತ್ತೆ ಅನ್ನೋ ನಂಬಿಕೆ ಇನ್ನೂ ಕೆಲವರಿಗೆ ಇದೆ, ಅದರಿಂದ ಬರೋದು ಹೊಟ್ಟೆ ಹುಣ್ಣು ಅಷ್ಟೇ.

ಹಳಬರು ಹುರುಳಿ ಬೇಯಿಸಿ ಹಾಕ್ತಿದ್ರು, ಬೂಸಾ ಜೊತೆ ಬೇಯಿಸಿದ ಅಗಸೆ ಕಲಸಿ ವಾರಕ್ಕೊಂದು ಸಲ ಬೆಚ್ಚಗೆ ಕೊಡ್ತಿದ್ರು, ಈಗ ಹೆಚ್ಚಾಗಿ ಓಟ್ಸ್, ಬಾರ್ಲಿ, ರೆಡಿ ಪೆಲೆಟ್. ಕುದುರೆ ಮಸಾಲೆ ಸೊಪ್ಪು, ಲೂಸರ್ನ್ ಅಂತೀವಲ್ಲ, ಅದು ಕುದುರೆಗೆ ಪ್ರಾಣ, ಪ್ರೋಟೀನ್ ಕ್ಯಾಲ್ಸಿಯಂ ಎರಡೂ ಚೆನ್ನಾಗಿದೆ, ಆದ್ರೆ ಅದೊಂದನ್ನೇ ಹಾಕ್ಬೇಡಿ, ಒಣ ಹುಲ್ಲೂ ಜೊತೆಗಿರ್ಲಿ. ಯಾವ ಮೇವು ಬದಲಾಯಿಸಿದ್ರೂ ಏಳರಿಂದ ಹತ್ತು ದಿನ ತಗೊಂಡು ಹಳೇದರ ಜೊತೆ ಬೆರೆಸ್ತಾ ಬದಲಾಯಿಸಿ. ಚೀಲ ಬಿಚ್ಚಿದಾಗ ಮೂಗು ಹತ್ರ ಹಿಡಿದು ನೋಡಿ, ಮುಗ್ಗಲು ವಾಸನೆ ಬಂದ್ರೆ ಎಷ್ಟೇ ದುಡ್ಡು ಕೊಟ್ಟಿದ್ರೂ ಅದನ್ನ ಹಾಕ್ಬಾರದು. ಧೂಳಿರೋ ಹುಲ್ಲನ್ನ ನೀರಲ್ಲಿ ನೆನೆಸಿ ಕೊಡಿ, ಕುದುರೆ ಬಾಯಿಂದ ಉಸಿರಾಡೋಕೆ ಆಗಲ್ಲ, ಇರೋದು ಆ ಎರಡು ಹೊಳ್ಳೆ ಮಾತ್ರ, ಅದೇ ದಾರೀಲಿ ಧೂಳು ಹೋದ್ರೆ ಓಡೋದು ಹೇಗೆ.

ರೆಸ್ಟ್ ಇರೋ ದಿನ ದಾಣಿ ಅರ್ಧ ಮಾಡಿ. ಇದನ್ನ ಮರೆತ್ರೆ ಮಾರನೇ ದಿನ ಕೆಲಸಕ್ಕೆ ಹೊರಟಾಗ ಹಿಂಭಾಗದ ಸ್ನಾಯು ಕಲ್ಲಿನ ಹಾಗೆ ಬಿಗಿದು, ಬೆವರಿ, ಹೆಜ್ಜೆ ಇಡೋಕೆ ಆಗ್ದೆ ನಿಂತುಬಿಡತ್ತೆ, ಟೈಯಿಂಗ್ ಅಪ್ ಅಂತಾರೆ, ಗಾಬರಿ ಸ್ವಭಾವದ ಹೆಣ್ಣು ಕುದುರೆಗಳಿಗೆ ಇನ್ನೂ ಬೇಗ. ಹಾಗಾದ್ರೆ ನಡೆಸೋಕೆ ಹೋಗ್ಬೇಡಿ, ನಿಂತಲ್ಲೇ ನಿಲ್ಲಿಸಿ ಡಾಕ್ಟ್ರನ್ನ ಕರೀರಿ. ಉಪ್ಪು ದಿನಾ ಹಾಕ್ಬೇಕು, ಕುದುರೆ ಬೆವರು ನಮ್ಮ ಬೆವರಿಗಿಂತ ಉಪ್ಪು.

ಟ್ರ್ಯಾಕ್ ಕೆಲಸ

ವಾರಕ್ಕೆ ಎರಡು ದಿನ ಜೋರು ಕೆಲಸ, ಉಳಿದ ದಿನ ನಡಿಗೆ, ಟ್ರಾಟ್, ಅದಕ್ಕಿಂತ ಸ್ವಲ್ಪ ಜೋರಾದ ಕ್ಯಾಂಟರ್, ಒಂದು ದಿನ ಬರೀ ನಡಿಗೆ, ಸುಮಾರಾಗಿ ಎಲ್ಲರದ್ದೂ ಹೀಗೇ. ಬೆಳಗ್ಗೆ ಸ್ಟಾಪ್‌ವಾಚ್ ಹಿಡಿದು ನಿಂತಿರೋರು ಬರ್ಕೊಳ್ಳೋದು 1000 ಮೀಟರ್‌ಗೆ ಎಷ್ಟು, ಕೊನೇ 600ಕ್ಕೆ ಎಷ್ಟು ಅಂತ. 600 ಮೀಟರ್ 40 ಸೆಕೆಂಡ್‌ನಲ್ಲಿ ಬಂದ್ರೆ ಚೆನ್ನಾಗಿದೆ, ಆದ್ರೆ ಆ ಅಂಕಿ ಒಂದನ್ನೇ ನೋಡೋರಿಗೆ ಕುದುರೆ ಅರ್ಥ ಆಗಲ್ಲ. ಕುದುರೆ ತಾನಾಗೇ ಸವಾರನ ಕೈ ಎಳ್ಕೊಂಡು 40ಕ್ಕೆ ಬಂದಿದ್ದೂ, ಸವಾರ ತಳ್ಳಿ ತಳ್ಳಿ 40ಕ್ಕೆ ತಂದಿದ್ದೂ ಒಂದೇ ಅಲ್ಲ. ಟ್ರ್ಯಾಕ್ ಮರಳಿಂದಾ ಹುಲ್ಲಿಂದಾ, ರಾತ್ರಿ ಮಳೆ ಬಂದಿತ್ತಾ, ಸವಾರಂದು ತೂಕ ಎಷ್ಟು, ಇದೆಲ್ಲ ಪಕ್ಕದಲ್ಲಿ ಬರೆದಿರ್ಬೇಕು.

ಸೈಸ್ ಆಗಿ ನಿಮ್ಮ ಕೆಲಸ ಮತ್ತೆ ಶುರುವಾಗೋದು ಕುದುರೆ ಟ್ರ್ಯಾಕ್‌ನಿಂದ ಹೊರಗೆ ಬಂದ ಕ್ಷಣ. ಓಡುವಾಗ ಕುದುರೆ ಒಂದು ನೆಗೆತಕ್ಕೆ ಒಂದು ಉಸಿರು ತಗೊಳತ್ತೆ, ಅದರ ಉಸಿರೂ ಕಾಲೂ ಒಂದೇ ತಾಳಕ್ಕೆ ಕಟ್ಟಿರತ್ತೆ, ನಿಂತ ಮೇಲೆ ಆ ಉಸಿರು ಎಷ್ಟು ಬೇಗ ಇಳಿಯತ್ತೆ ಅನ್ನೋದೇ ಫಿಟ್‌ನೆಸ್‌ನ ಅಳತೆ. ಪಕ್ಕೆಯ ಏರಿಳಿತ ನೋಡಿ ಎಣಿಸಿ, ಲಾಯದಲ್ಲಿ ಸುಮ್ನೆ ನಿಂತಾಗ ನಿಮಿಷಕ್ಕೆ ಎಂಟರಿಂದ ಹದಿನಾರು ಇರತ್ತೆ. ಅರ್ಧ ಗಂಟೆ ನಡೆಸಿದ್ರೂ ಇಳೀಲಿಲ್ಲ ಅಂದ್ರೆ ಇನ್ನೂ ತಯಾರಾಗಿಲ್ಲ, ಇಲ್ಲಾ ಹುಷಾರಿಲ್ಲ. ಮೂಗಲ್ಲಿ ರಕ್ತದ ಗೆರೆ ಕಂಡ್ರೆ, ಒಂದೇ ಹನಿ ಆದ್ರೂ, ಒರೆಸಿ ಸುಮ್ನಾಗ್ಬೇಡಿ, ಶ್ವಾಸಕೋಶದಿಂದ ಬಂದಿರ್ಬೋದು, ಟ್ರೇನರ್‌ಗೆ ತೋರಿಸಿ, ಡಾಕ್ಟ್ರು ಸ್ಕೋಪ್, ಅಂದ್ರೆ ಕ್ಯಾಮೆರಾ ಇರೋ ನಳಿಕೆ, ಹಾಕಿ ನೋಡ್ಬೇಕು.

ಬಿಸಿ ಮೈಗೆ ನೀರು ಕುಡಿಸ್ಬಾರದು ಅಂತ ಹಳೇ ಮಾತಿದೆ. ಈಗಿನ ಡಾಕ್ಟ್ರುಗಳು ಹಾಗೇನಿಲ್ಲ, ನಡೆಸ್ತಾ ನಡೆಸ್ತಾ ಸ್ವಲ್ಪ ಸ್ವಲ್ಪ ಕೊಡಿ ಅಂತಾರೆ, ನನಗೂ ಅದೇ ಸರಿ ಅನ್ಸತ್ತೆ, ಅಷ್ಟು ಬೆವರು ಸುರಿಸಿದ ಪ್ರಾಣೀನ ಬಾಯಾರಿಸಿ ನಿಲ್ಲಿಸೋದ್ರಲ್ಲಿ ಏನೂ ಅರ್ಥ ಇಲ್ಲ. ಮೈ ತೊಳೆಯುವಾಗ ನೀರು ಸುರಿದು, ಪಟ್ಟಿಯಿಂದ ಬಳಿದು ತೆಗೆದು, ಮತ್ತೆ ಸುರಿದು ಹೀಗೆ ಮಾಡ್ತಾ ಇರಿ. ಮುಂಗಾಲಿಗೆ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಪೈಪಲ್ಲಿ ಬಿಡಿ. ಆಮೇಲೆ ಮೈ ಉಜ್ಜೋ ಖರಾರಾ, ಬ್ರಷ್, ಕೈಯಿಂದ ಮಾಲಿಶ್, ಇಲ್ಲೇ ನಿಮಗೂ ಕುದುರೆಗೂ ಸ್ನೇಹ ಆಗೋದು, ಯಾವ ಜಾಗ ಉಜ್ಜಿದ್ರೆ ತುಟಿ ಉದ್ದ ಮಾಡಿ ಕಣ್ಣು ಅರ್ಧ ಮುಚ್ಚತ್ತೆ, ಯಾವ ಜಾಗ ಮುಟ್ಟಿದ್ರೆ ಚರ್ಮ ನಡುಗಿಸತ್ತೆ, ಎಲ್ಲಾ ತಿಳ್ಕೊಳ್ಳಿ. ನಿನ್ನೆ ಸುಮ್ನಿದ್ದ ಬೆನ್ನು ಇವತ್ತು ಮುಟ್ಟಿದ್ರೆ ಕೆಳಗೆ ಬಗ್ತಿದ್ರೆ ಜೀನು ಸರಿಯಾಗಿ ಕೂತಿಲ್ಲ ಅಂತ ಇರ್ಬೋದು.

ಗೊರಸು

ಬೆಳಗ್ಗೆ ಸಂಜೆ ಎರಡು ಹೊತ್ತೂ ಗೊರಸು ಎತ್ತಿ ಕೆರೀಬೇಕು, ಹಿಮ್ಮಡಿಯಿಂದ ತುದಿ ಕಡೆಗೆ ಕೆರೀರಿ, ಉಲ್ಟಾ ಮಾಡಿದ್ರೆ ಮಧ್ಯದ ಮೆತ್ತನೆ ತ್ರಿಕೋನ ಭಾಗಕ್ಕೆ, ಫ್ರಾಗ್ ಅಂತೀವಲ್ಲ ಅದಕ್ಕೆ ಚುಚ್ಚತ್ತೆ. ಮಳೆಗಾಲದಲ್ಲಿ ಆ ಸಂದೀಲಿ ಕಪ್ಪಗೆ ಕೊಳೆತು ಕೆಟ್ಟ ವಾಸನೆ ಬಂದ್ರೆ ಥ್ರಷ್ ಶುರುವಾಗಿದೆ, ಹಾಸಿಗೆ ಒದ್ದೆ ಇದೆ ಅಂತಲೂ ಅರ್ಥ. ಔಷಧಿ ಹಚ್ಚೋದು ಆಮೇಲೆ, ಮೊದಲು ಒಣ ಹುಲ್ಲು ಹಾಸಿ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹತ್ರ ಬೆಳೆಯತ್ತೆ, ಮೂರು ನಾಲ್ಕು ವಾರಕ್ಕೊಮ್ಮೆ ಲಾಳ ಬದಲಾಯಿಸ್ತಾರೆ, ದಿನದ ಕೆಲಸಕ್ಕೆ ಕಬ್ಬಿಣದ ಲಾಳ, ರೇಸ್‌ಗೆ ಹಗುರ ಅಲ್ಯೂಮಿನಿಯಂ. ಲಾಳ ಹೊಡೆದ ದಿನ ಸಂಜೆ, ಮಾರನೇ ಬೆಳಗ್ಗೆ ಗೊರಸು ಮುಟ್ಟಿ ನೋಡಿ, ಒಂದು ಗೊರಸು ಮಾತ್ರ ಬಿಸಿ ಇದ್ದು ಗೆಣ್ಣಿನ ಹಿಂದೆ ನಾಡಿ ಜೋರಾಗಿ ಹೊಡ್ಕೊಳ್ತಿದ್ರೆ ಮೊಳೆ ಒಳಗೆ ಒತ್ತಿದೆ, ಲಾಳ ಹೊಡೆದೋರನ್ನ ಆಗಲೇ ವಾಪಸ್ ಕರೆಸಿ.

ಹೊಟ್ಟೆನೋವು

ಕುದುರೆಗೆ ವಾಂತಿ ಆಗಲ್ಲ. ಒಳಗೆ ಹೋಗಿದ್ದು ಹಿಂದಕ್ಕೆ ಬರೋ ದಾರಿನೇ ಇಲ್ಲ, ಹಾಗಾಗಿ ನಮಗೆ ಸಣ್ಣದು ಅನ್ನಿಸೋ ಹೊಟ್ಟೆನೋವು ಅದರ ಪ್ರಾಣ ತೆಗೆಯತ್ತೆ. ಪಕ್ಕೆ ತಿರುಗಿ ತಿರುಗಿ ನೋಡೋದು, ಮುಂಗಾಲಲ್ಲಿ ನೆಲ ಕೆರೆಯೋದು, ಮಲಗಿ ಏಳೋದು, ಮೇಲ್ತುಟಿ ಎತ್ತೋದು, ಲದ್ದಿ ಇಲ್ದೇ ಇರೋದು, ದಾಣಿ ಮುಟ್ಟದೇ ಇರೋದು, ಇದರಲ್ಲಿ ಎರಡು ಕಂಡ್ರೆ ಸಾಕು. ಮೇವೆಲ್ಲಾ ತೆಗೀರಿ, ಟೈಮ್ ಬರ್ಕೊಳ್ಳಿ, ಡಾಕ್ಟ್ರಿಗೆ ಫೋನ್ ಮಾಡಿ. ಡಾಕ್ಟ್ರು ಬರೋ ಹೊತ್ತಿಗೆ ನಾಡಿ ಎಣಿಸಿಡಿ, ದವಡೆ ಕೆಳಗೆ ಸಿಗತ್ತೆ, ಸಾಮಾನ್ಯವಾಗಿ 30ರಿಂದ 40, ಅದು 60 ದಾಟಿದ್ರೆ ಫೋನಲ್ಲೇ ಹೇಳಿಬಿಡಿ. ವಸಡು ಒತ್ತಿ ಬಿಟ್ರೆ ಎರಡು ಸೆಕೆಂಡ್ ಒಳಗೆ ಮತ್ತೆ ಕೆಂಪಾಗ್ಬೇಕು. ಉರುಳಾಡಿ ಗಾಯ ಮಾಡ್ಕೊಳ್ಳೋ ಹಾಗಿದ್ರೆ ನಿಧಾನಕ್ಕೆ ನಡೆಸಿ, ಸುಮ್ನೆ ಮಲಗಿದ್ರೆ ಎಬ್ಬಿಸ್ಬೇಡಿ. ಬಾಟ್ಲಲ್ಲಿ ಎಣ್ಣೆ, ಸೋಡಾ, ನಾಟಿ ಕಷಾಯ ಏನೂ ಬಾಯಿಗೆ ಸುರೀಬೇಡಿ, ಶ್ವಾಸಕೋಶಕ್ಕೆ ಹೋದ್ರೆ ಹೊಟ್ಟೆನೋವಿಂದ ಬದುಕೋ ಕುದುರೆ ಅದರಿಂದ ಸಾಯತ್ತೆ.

ಟೀ, ಗಸಗಸೆ, ನೋವಿನ ಮುಲಾಮು

ರೇಸ್ ಮುಗಿದ ಮೇಲೆ ಕುದುರೆಯ ಮೂತ್ರ, ರಕ್ತ ಟೆಸ್ಟ್‌ಗೆ ಹೋಗತ್ತೆ. ಸಿಕ್ಕಿಬಿದ್ರೆ ಬಹುಮಾನ ಹೋಗತ್ತೆ, ಟ್ರೇನರ್ ಲೈಸೆನ್ಸ್‌ಗೂ ಕುತ್ತು, ಹಾಗಾಗಿ ಲಾಯದಲ್ಲಿ ಇರೋ ಎಲ್ಲರೂ ಇದನ್ನ ತಿಳ್ಕೊಂಡಿರ್ಲೇಬೇಕು. ಟೀ ಕಾಫೀಲಿರೋ ಕೆಫೀನ್, ಚಾಕೊಲೇಟ್‌ನಲ್ಲಿರೋ ಥಿಯೋಬ್ರೋಮಿನ್ ಎರಡೂ ನಿಷಿದ್ಧ, ಅಂದ್ರೆ ನೀವು ಕುಡಿದು ಉಳಿದ ಅರ್ಧ ಗ್ಲಾಸ್ ಟೀನ ಬಕೆಟ್‌ಗೆ ಚೆಲ್ಲೋದು, ಪ್ರೀತಿಗೆ ಅಂತ ಚಾಕೊಲೇಟ್ ತಿನ್ನಿಸೋದು ಎರಡೂ ಆಗ್ಬಾರದು. ಗಸಗಸೇಲಿ ಮಾರ್ಫಿನ್ ಅಂಶ ಇರತ್ತೆ, ನಮ್ಮ ಕಡೆ ಹಬ್ಬಕ್ಕೆ ಗಸಗಸೆ ಪಾಯಸ ಮಾಡ್ತಾರಲ್ಲ, ಆ ಪಾತ್ರೆ ತೊಳೆದ ನೀರೂ ಕುದುರೆ ಹತ್ರ ಬರೋದು ಬೇಡ. ಸೊಂಟಕ್ಕೆ ನೋವಿನ ಮುಲಾಮು ಹಚ್ಕೊಂಡ ಕೈಯನ್ನ ಸೋಪಲ್ಲಿ ತೊಳೆದೇ ಲಗಾಮು ಮುಟ್ಟಿ, ಮೆಣಸಿನಕಾಯಿ ಸತ್ವ ಇರೋ ಮುಲಾಮೂ ನಿಷಿದ್ಧವೇ. ಇನ್ನೊಂದು, ಯಾರೂ ಲಾಯದೊಳಗೆ ಮೂತ್ರ ಮಾಡ್ಬಾರದು, ಮನುಷ್ಯ ತಗೊಂಡ ಮಾತ್ರೆ ಮೂತ್ರದ ಮೂಲಕ ಹುಲ್ಲಿಗೆ ಸೇರಿ, ಆ ಹುಲ್ಲು ಕುದುರೆ ತಿಂದು ಟೆಸ್ಟ್‌ನಲ್ಲಿ ಬಂದಿರೋ ಪ್ರಕರಣ ಹಲವು ದೇಶಗಳಲ್ಲಿ ಆಗಿವೆ. ಸೈಸ್‌ಗಳಿಗೆ ಹತ್ರದಲ್ಲೇ ಒಳ್ಳೆ ಟಾಯ್ಲೆಟ್ ಕಟ್ಟಿಸಿಕೊಡೋದು ಇದಕ್ಕೆ ಪರಿಹಾರ, ಬೈಯೋದಲ್ಲ.

ಹೊಸ ಮರಿಗಳು, ಸದ್ದು, ರೇಸ್ ದಿನ

ಕುಣಿಗಲ್ ಕಡೆಯಿಂದಲೋ ಪುಣೆ, ಪಂಜಾಬ್ ಕಡೆಯ ಸ್ಟಡ್ ಫಾರ್ಮ್‌ನಿಂದಲೋ, ಅಂದ್ರೆ ಕುದುರೆ ಮರಿ ಹಾಕಿಸಿ ಸಾಕೋ ಜಾಗದಿಂದಲೋ, ಎಳೆ ಕುದುರೆಗಳು ಬರ್ತವೆ. ಕುಣಿಗಲ್ ಅಂದ್ರೆ ಟಿಪ್ಪು ಕಾಲದಲ್ಲೇ ಸೈನ್ಯಕ್ಕೆ ಕುದುರೆ ಸಾಕ್ತಿದ್ದ ಜಾಗ. ನಮ್ಮ ದೇಶದಲ್ಲಿ ಎಲ್ಲಾ ರೇಸ್ ಕುದುರೆಗೂ ಜನವರಿ 1ಕ್ಕೆ ವಯಸ್ಸು ಒಂದು ಏರತ್ತೆ, ಹಾಗಾಗಿ ಮೇ ತಿಂಗಳಲ್ಲಿ ಹುಟ್ಟಿದ ಮರಿನೂ ಜನವರೀಲಿ ಹುಟ್ಟಿದ ಮರಿನೂ ಕಾಗದದಲ್ಲಿ ಒಂದೇ ವಯಸ್ಸು, ಮೂಳೇಲಿ ಅಲ್ಲ. ಎರಡು ವರ್ಷದ ಮರಿಗಳ ಮುಂಗಾಲಿನ ಮುಂದುಗಡೆ ಮೂಳೆ ಮುಟ್ಟಿದ್ರೆ ನೋವು ಅಂತ ಎಳ್ಕೊಂಡ್ರೆ ಅದು ಸೋಮಾರಿತನ ಅಲ್ಲ, ಮೂಳೆ ಇನ್ನೂ ಗಟ್ಟಿ ಆಗ್ತಿದೆ, ಕೆಲಸ ಇಳಿಸಿ ಅಂತ ಹೇಳ್ತಿದೆ. ಹಗ್ಗದಲ್ಲಿ ಸುತ್ತು ಹೊಡೆಸೋದು, ಬಾಯಿಗೆ ಕಡಿವಾಣ ಅಭ್ಯಾಸ, ಬೆನ್ನಿಗೆ ಬರೀ ಬಟ್ಟೆ, ಆಮೇಲೆ ಜೀನು, ಆಮೇಲೆ ಮನುಷ್ಯ, ಕೊನೆಗೆ ಸ್ಟಾರ್ಟಿಂಗ್ ಗೇಟ್, ಹೀಗೆ ಒಂದೊಂದೇ. ಒಂದು ಮೆಟ್ಟಿಲು ಬಿಟ್ಟು ಇನ್ನೊಂದಕ್ಕೆ ಹಾರಿದ್ರೆ ಆ ಹೆದರಿಕೆ ವರ್ಷಗಟ್ಟಲೆ ಉಳಿಯತ್ತೆ.

ದಸರಾ ಹೊತ್ತಿಗೆ ಮೈಸೂರಲ್ಲಿ ಆನೆಗಳಿಗೂ ಪೊಲೀಸ್ ಕುದುರೆಗಳಿಗೂ ಫಿರಂಗಿ ಸದ್ದಿನ ತಾಲೀಮು ಕೊಡ್ತಾರೆ, ರೇಸ್ ಕುದುರೆಗೆ ಅಂಥ ತಾಲೀಮು ಇರಲ್ಲ. ದೀಪಾವಳಿ ರಾತ್ರಿ ಕಿವಿಗೆ ಹತ್ತಿ ಇಡಿ, ಒಳಗೆ ಲೈಟ್ ಹಾಕಿಡಿ, ಹುಲ್ಲು ಜಾಸ್ತಿ ಕೊಡಿ, ಮೆಲ್ಲುತ್ತಿರೋ ಕುದುರೆ ಕಮ್ಮಿ ಬೆಚ್ಚತ್ತೆ. ಬಾಣ ಬಿರುಸು ಹುಲ್ಲಿನ ಬಣವೆಗೆ ಬೀಳ್ಬೋದು, ನೀರು ತುಂಬಿದ ಡ್ರಮ್ ಪಕ್ಕದಲ್ಲೇ ಇರ್ಲಿ.

ರೇಸ್ ದಿನದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕುದುರೆಯ ಸಾಮರ್ಥ್ಯದ ಅಂಕ, ಅಂದ್ರೆ ರೇಟಿಂಗ್, ನೋಡಿ ಭಾರ ಹೊರಿಸೋ ಹ್ಯಾಂಡಿಕ್ಯಾಪ್ ರೇಸ್‌ನಲ್ಲಿ ಒಂದು ಪಾಯಿಂಟ್‌ಗೆ ಅರ್ಧ ಕಿಲೋ ಲೆಕ್ಕ, ಗೆದ್ರೆ ರೇಟಿಂಗ್ ಏರತ್ತೆ, ಮುಂದಿನ ಸಲ ಬೆನ್ನ ಮೇಲೆ ಭಾರ ಜಾಸ್ತಿ. ನಿಮ್ಮ ಕೆಲಸ ಏನಂದ್ರೆ ಅವತ್ತೂ ದಿನದ ಹಾಗೇ ನಡ್ಕೊಳ್ಳೋದು, ನೀವು ಅವಸರ ಪಟ್ರೆ ಆ ಹಗ್ಗದ ಮೂಲಕ ಕುದುರೆಗೆ ಗೊತ್ತಾಗಿಬಿಡತ್ತೆ, ರೇಸ್‌ಗೆ ಮುಂಚೆ ಸುತ್ತು ನಡೆಸೋ ಪಾಡಕ್‌ನಲ್ಲೇ ಬೆವರಿ ಅರ್ಧ ಶಕ್ತಿ ಕಳ್ಕೊಳತ್ತೆ. ರೇಸ್‌ನ ಮಾರನೇ ಬೆಳಗ್ಗೆ ಮೇಲೆ ಹೇಳಿದ್ದೆಲ್ಲಾ ಎರಡು ಪಟ್ಟು ಜಾಗ್ರತೇಲಿ ನೋಡಿ, ಗೆದ್ದ ಖುಷೀಲಿ ಕಾಲು ನೋಡೋದು ಮರೆಯೋದು ಬಹಳ ಕಡೆ ಆಗತ್ತೆ.

2020ರ ಲಾಕ್‌ಡೌನ್‌ನಲ್ಲಿ ರೇಸ್ ಎಲ್ಲಾ ನಿಂತಿತ್ತು, ಆಗಲೂ ಕುದುರೆಗೆ ದಿನಾ ಮೇವು, ನೀರು, ನಡಿಗೆ ಬೇಕೇ ಬೇಕಿತ್ತು. ಈ ಕೆಲಸಕ್ಕೆ ಸೇರೋರು ಇದನ್ನ ಮೊದಲೇ ಮನಸ್ಸಲ್ಲಿ ಇಟ್ಕೊಳ್ಳಿ, ಹಬ್ಬ ಭಾನುವಾರ ಅಂತ ಇಲ್ಲಿ ಇರಲ್ಲ, ಹಾಗಂತ ಕೆಲಸ ಕೊಡೋರೂ ಸರದಿ ಪ್ರಕಾರ ರಜೆ, ನಿದ್ದೆ ಮಾಡೋಕೆ ಸರಿಯಾದ ಜಾಗ ಕೊಡ್ಲೇಬೇಕು, ನಿದ್ದೆಗೆಟ್ಟ ಸೈಸ್‌ಗೆ ಕಾಲಿನ ಬಿಸಿ ಗೊತ್ತಾಗಲ್ಲ.

ಓಟ ಮುಗಿದ ಮೇಲೆ

ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕತ್ತೆ, ಬಹಳಷ್ಟು ಕುದುರೆಗಳ ರೇಸ್ ಏಳೆಂಟು ವರ್ಷ ವಯಸ್ಸಿಗೆ ಮುಗಿದಿರತ್ತೆ. ಉಳಿದ ಅಷ್ಟು ವರ್ಷದ ಯೋಚನೆ ಲಾಯದಲ್ಲಿ ಇರೋವಾಗಲೇ ಆಗ್ಬೇಕು. ಕೆಲವು ರೈಡಿಂಗ್ ಸ್ಕೂಲ್‌ಗೆ ಹೋಗ್ತವೆ, ಕೆಲವು ಮೈಸೂರಿನ ಅಶ್ವಾರೋಹಿ ಪೊಲೀಸ್ ದಳಕ್ಕೂ ಹೋಗಿವೆ, ಒಳ್ಳೆ ಹೆಣ್ಣು ಕುದುರೆ ಸ್ಟಡ್ ಫಾರ್ಮ್‌ಗೆ ವಾಪಸ್. ಬಿಟ್ಟುಕೊಡೋಕೆ ಮುಂಚೆ ಕೆಲವು ವಾರ ತಗೊಂಡು ದಾಣಿ ನಿಧಾನಕ್ಕೆ ಇಳಿಸಿ, ಹುಲ್ಲು ಏರಿಸಿ, ಬಯಲಲ್ಲಿ ಬಿಡೋದು ಅಭ್ಯಾಸ ಮಾಡ್ಸಿ, ವರ್ಷಗಟ್ಟಲೆ ಲಾಯದಲ್ಲೇ ಇದ್ದಿದ್ದನ್ನ ಒಂದೇ ಸಲ ಬಯಲಿಗೆ ಬಿಟ್ರೆ ಬೇಲಿಗೆ ನುಗ್ಗತ್ತೆ. ಕುದುರೆಯ ಗುರುತಿನ ಪಾಸ್‌ಪೋರ್ಟ್, ವ್ಯಾಕ್ಸಿನ್ ದಾಖಲೆ ಜೊತೆಗೆ ನಿಮ್ಮ ಆ ನೋಟ್ ಬುಕ್ಕಿನ ಒಂದು ಕಾಪಿ ಕೊಡಿ, ಯಾವ ಕಾಲಿಗೆ ಹಿಂದೆ ಏನಾಗಿತ್ತು, ಯಾವ ಮೇವು ಆಗಲ್ಲ, ಯಾವುದಕ್ಕೆ ಹೆದರತ್ತೆ ಎಲ್ಲಾ ಬರೆದು. ತಗೊಳ್ಳೋಕೆ ಬಂದೋರು ಎಷ್ಟು ದುಡ್ಡು ಕೊಡ್ತಾರೆ ಅನ್ನೋದಕ್ಕಿಂತ ಮುಂಚೆ ಜಾಗ ಎಷ್ಟಿದೆ, ಜೊತೆಗೆ ಇನ್ನೊಂದು ಕುದುರೆ ಇದ್ಯಾ, ಕುದುರೆ ನೋಡೋ ಡಾಕ್ಟ್ರು ಎಷ್ಟು ದೂರದಲ್ಲಿ ಇದಾರೆ, ಲಾಳ ಹೊಡೆಯೋರು ಯಾರು ಬರ್ತಾರೆ ಅಂತ ಕೇಳಿ. ಕೊನೇ ಎರಡಕ್ಕೆ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಆ ಮನೆಗೆ ಕುದುರೆ ಕಳಿಸ್ಬೇಡಿ.